ಕ್ರೋಷೆ ಕರ್ಲ್ಸ್ ಹಾಕಿಸಿಕೊಂಡವರಿಗೆ ಒಂದಿಷ್ಟು ಸಲಹೆ

ಕ್ರೋಷೆ ಕರ್ಲ್ಸ್ ಅಂದರೆ ನಮ್ಮ ಕೂದಲನ್ನು ಸಣ್ಣ ಜಡೆ ಹೆಣೆದು, ಅದಕ್ಕೆ ಕೊಕ್ಕೆ ಸೂಜಿಯಿಂದ ಸಿಕ್ಕಿಸುವ ಗುಂಗುರು ಕೂದಲು. ಮೊದಲು ರಾತ್ರಿ ಕಡೆ ಗಮನ ಕೊಡಿ. ಹತ್ತಿ ದಿಂಬಿಗೆ ಉಜ್ಜಿ ಉಜ್ಜಿಯೇ ಗುಂಗುರು ಹಾಳಾಗುವುದು, ಅದಕ್ಕೇ ಆಫ್ರಿಕನ್ ಮೂಲದ ಎಷ್ಟೋ ಹೆಂಗಸರು ಸ್ಯಾಟಿನ್ ಬಾನೆಟ್ (ನುಣುಪು ಬಟ್ಟೆಯ ಟೋಪಿ) ಹಾಕಿಯೇ ಮಲಗುತ್ತಾರೆ. ಬೆಳಿಗ್ಗೆ ಬಾಚಣಿಗೆ ಬೇಡ. ನೀರಿಗೆ ಸ್ವಲ್ಪ ಲೀವ್-ಇನ್ ಕಂಡಿಷನರ್ (ಹಚ್ಚಿ ತೊಳೆಯದೆ ಬಿಡುವಂಥದ್ದು) ಕಲಸಿ ಚಿಮುಕಿಸಿ, ಒಂದೊಂದೇ ಸುರುಳಿಯನ್ನು ಬೆರಳಿಗೆ ಸುತ್ತಿ ಬಿಡಿ. ಎಳೆ ಎದ್ದು ನಿಂತಿದ್ದರೆ ಎಳೆಯಬೇಡಿ, ಸಣ್ಣ ಕತ್ತರಿಯಲ್ಲಿ ಕತ್ತರಿಸಿ.

ಒಳಗೆ ಕಾರ್ನ್‌ರೋ (ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ) ಜಡೆಯಲ್ಲಿರುವ ನಿಮ್ಮ ಸ್ವಂತ ಕೂದಲನ್ನು ಮರೆಯಬೇಡಿ. ಎರಡು ವಾರಕ್ಕೊಮ್ಮೆ ಮೂತಿ ಇರುವ ಬಾಟಲಿಯಿಂದ ತೆಳು ಶಾಂಪೂವನ್ನು ಜಡೆಗಳ ನಡುವಿನ ಗೆರೆಗೆ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ತೊಳೆಯಿರಿ. ಬುಡ ಪೂರ್ತಿ ಒಣಗಲೇಬೇಕು. ನಾನೊಮ್ಮೆ ಒದ್ದೆಯಲ್ಲೇ ಕಟ್ಟಿ ಮಲಗಿದ್ದೆ, ಎರಡು ದಿನ ಮುಗ್ಗಲು ಬಟ್ಟೆಯ ವಾಸನೆ ಹೋಗಲಿಲ್ಲ. ಸಿಂಥೆಟಿಕ್ ಕೂದಲಾದರೆ ಡ್ರೈಯರನ್ನು ತಣ್ಣನೆ ಗಾಳಿಗೆ ಇಡಿ, ಜಾಸ್ತಿ ಬಿಸಿಗೆ ಅದು ಕರಗುತ್ತದೆ.

ಹಣೆ ಅಂಚಿನಲ್ಲಿ ನೋವು, ಸಣ್ಣ ಗುಳ್ಳೆ ಬಂದರೆ ಜಡೆ ಬಿಗಿಯಾಗಿದೆ ಅಂತ ಅರ್ಥ. ಸುಮ್ನೆ ತಡೆದುಕೊಳ್ಳಬೇಡಿ, ಅವತ್ತೇ ಬಿಚ್ಚಿಸಿ, ಹಾಗೇ ಬಿಟ್ಟರೆ ಅಲ್ಲಿ ಉದುರಿದ ಕೂದಲು ಮತ್ತೆ ಬರದೇ ಹೋಗಬಹುದು. ಚೆನ್ನಾಗಿದ್ದರೂ 6ರಿಂದ 8 ವಾರಕ್ಕೆ ತೆಗೆಯಿರಿ. ಹಾಕಿಸಿದ ಕೂದಲು ತೆಗೆಯಲು ಕತ್ತರಿ ಆಡಿಸುವಾಗ ನಿಮ್ಮ ಜಡೆ ಎಲ್ಲಿ ಮುಗಿಯುತ್ತದೆ ಅಂತ ಬೆರಳಲ್ಲಿ ಮುಟ್ಟಿ ನೋಡಿಕೊಳ್ಳಿ, ಅದೂ ಹಗಲು ಬೆಳಕಿನಲ್ಲಿ.