ಸ್ಪೋರ್ಟ್ಸ್ ಮ್ಯಾನೇಜರ್ ಆಗಬೇಕಾ? ಮೊದಲು 11 ತಂಡಗಳ ಕಬಡ್ಡಿ ನಡೆಸಿ

ಕಳೆದ ವರ್ಷ ಮುಧೋಳ ಕಡೆಯ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ನೋಡೋಕೆ ಹೋಗಿದ್ದೆ. ಫೈನಲ್ ಶುರುವಾದಾಗ ಬೆಳಗಿನ ಜಾವ ನಾಲ್ಕು ಗಂಟೆ. ಕಪ್ ಕೊಡಬೇಕಾದ ಅತಿಥಿಗಳು ಹನ್ನೊಂದಕ್ಕೇ ಎದ್ದು ಹೋಗಿದ್ದರು. ಮುಂದಿನ ಸಾಲಿನ ಸೋಫಾದ ಮೇಲೆ ಶಾಮಿಯಾನದ ಹುಡುಗರು ಹೊದ್ದು ಮಲಗಿದ್ದರು. ಪಂದ್ಯಾವಳಿ ನಡೆಸಿದವರು ಬಿಬಿಎ ವಿದ್ಯಾರ್ಥಿಗಳು. ಒಬ್ಬನ ಹತ್ತಿರ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟಿನ ಆನ್‌ಲೈನ್ ಸರ್ಟಿಫಿಕೇಟೂ ಇತ್ತು. ಬ್ಯಾನರ್ ಮಾತ್ರ ಚೆನ್ನಾಗಿತ್ತು.

2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಸ್ಪೋರ್ಟ್ಸ್ ಮ್ಯಾನೇಜರ್ ಕೆಲಸಕ್ಕೆ ಹೆಸರು ಬಂದಿದೆ. ಆಟಗಾರರ ಜೊತೆ ಸೆಲ್ಫಿ ತೆಗೆದುಕೊಳ್ಳುವ ಕೆಲಸ ಅಂದುಕೊಂಡವರೇ ಜಾಸ್ತಿ. ಕೋರ್ಸ್ ಸೇರುವ ಮೊದಲು ಊರಲ್ಲೇ ಒಂದು ಪಂದ್ಯಾವಳಿ ನಡೆಸಿ ನೋಡಿ. ಹೇಗೆ ಅಂತ ಹೇಳ್ತೀನಿ.

ಹೆಜ್ಜೆ 1: ಕಬಡ್ಡಿಯನ್ನೇ ಆರಿಸಿ. ಪುರುಷರ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ, ಸುತ್ತ ಸ್ವಲ್ಪ ಬಯಲು ಇದ್ದರೆ ಸಾಕು. ಕ್ರಿಕೆಟ್ ಬೇಡ, ಚೆಂಡು ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಹೆಜ್ಜೆ 2: ದುಡ್ಡು. ಇಪ್ಪತ್ತು ಸ್ಲೈಡಿನ ಪಿಪಿಟಿ ಗೊಬ್ಬರದ ಅಂಗಡಿಯವರಿಗೆ ಬೇಕಾಗಿಲ್ಲ. ಒಂದೇ ಹಾಳೆಯಲ್ಲಿ ಖರ್ಚು ಎಷ್ಟು, ಅವರ ಹೆಸರು ಎಲ್ಲಿ ಬರುತ್ತದೆ ಅಂತ ಬರೆದುಕೊಂಡು ಹೋಗಿ. ಟ್ರ್ಯಾಕ್ಟರ್ ಶೋರೂಂ, ಪತ್ತಿನ ಸಹಕಾರ ಸಂಘ ಎಲ್ಲಕ್ಕೂ ಇದೇ ದಾರಿ. ರಸೀದಿ ಕೊಡದೆ ನೂರು ರೂಪಾಯಿ ಕೂಡ ಮುಟ್ಟಬೇಡಿ.

ಹೆಜ್ಜೆ 3: ಹೆಸರು ನೋಂದಣಿ ಮತ್ತು ತೂಕ. ನಮ್ಮ ಕಡೆ 55 ಕೆಜಿ, 65 ಕೆಜಿ ಅಂತ ವಿಭಾಗ ಮಾಡುತ್ತಾರಲ್ಲ, ಜಗಳ ಹುಟ್ಟುವುದೇ ಅಲ್ಲಿ. ಆನ್‌ಲೈನಲ್ಲಿ ಸಿಗುವ ಗಾಜಿನ ತೂಕದ ಯಂತ್ರ ತರಿಸಬೇಡಿ. ಮಣ್ಣಿನ ನೆಲದ ಮೇಲೆ ಅದೇ ಹುಡುಗನಿಗೆ ಒಮ್ಮೆ 54, ಒಮ್ಮೆ 56 ತೋರಿಸುತ್ತದೆ. ಕಾಳಿನ ಅಂಗಡಿಯವರ ತೂಕದ ಯಂತ್ರ ಒಂದು ದಿನಕ್ಕೆ ಕೇಳಿ ತನ್ನಿ. ಸಿಮೆಂಟ್ ಕಟ್ಟೆಯ ಮೇಲೆ ಇಟ್ಟು, ಎಲ್ಲ ತಂಡದವರ ಎದುರಿಗೇ ತೂಗಿ.

ಹೆಜ್ಜೆ 4: ಡ್ರಾ ಮತ್ತು ಟೈಮ್‌ಟೇಬಲ್. ಇಲ್ಲಿ ನಿಧಾನವಾಗಿ ಓದಿ. ನಾನು ನೋಡಿದ ಹತ್ತರಲ್ಲಿ ಎಂಟು ಪಂದ್ಯಾವಳಿ ಕೆಟ್ಟಿದ್ದು ಇಲ್ಲೇ.

11 ತಂಡ ಬಂದಿವೆ ಅನ್ನಿ. ಲೀಗ್ ಮಾಡಿದರೆ, ಅಂದರೆ ಎಲ್ಲರೂ ಎಲ್ಲರ ಜೊತೆ ಆಡಿದರೆ 55 ಪಂದ್ಯ, ಸುಮ್ನೆ ಬಿಟ್ಟುಬಿಡಿ. ನಾಕೌಟ್‌ನಲ್ಲಿ ಸೋತವರು ಹೊರಗೆ, ಪಂದ್ಯ ತಂಡಗಳಿಗಿಂತ ಒಂದು ಕಡಿಮೆ, ಅಂದರೆ 10 ಪಂದ್ಯ. 2, 4, 8, 16 ಈ ಸಾಲಿನಲ್ಲಿ 11ರ ಮುಂದಿನದು 16. 16ರಲ್ಲಿ 11 ಕಳೆದರೆ 5. ಇಷ್ಟು ತಂಡಗಳಿಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ. ಉಳಿದ ಆರು ತಂಡ 3 ಪಂದ್ಯ ಆಡುತ್ತವೆ. ಗೆದ್ದ ಮೂರು, ಬೈ ಸಿಕ್ಕ ಐದು ಸೇರಿ ಎಂಟರ ಘಟ್ಟ, ಅಂದರೆ ಕ್ವಾರ್ಟರ್ ಫೈನಲ್.

ಬೈ ಯಾರಿಗೆ? ಆಯೋಜಕರ ಊರಿನ ತಂಡಕ್ಕೆ ಅಂತ ನಮ್ಮಲ್ಲಿ ಅಲಿಖಿತ ನಿಯಮ ಇದೆ. ಹಾಗೆ ಮಾಡಿದರೆ ಎದುರಾಳಿಗಳು ಮೊದಲ ಸೀಟಿಗೂ ಮುಂಚೆಯೇ ಕಿರುಚುತ್ತಾರೆ. ಚೀಟಿ ಎತ್ತಿ ತಂಡಗಳನ್ನು ಸಾಲಾಗಿ ಬರೆಯಿರಿ. ಮೇಲ್ಭಾಗದಲ್ಲಿ 6, ಕೆಳಭಾಗದಲ್ಲಿ 5. ಮೊದಲ ಬೈ ಕೆಳಭಾಗದ ಕೊನೆಯ ತಂಡಕ್ಕೆ, ಎರಡನೆಯದು ಮೇಲ್ಭಾಗದ ಮೊದಲ ತಂಡಕ್ಕೆ, ಮೂರನೆಯದು ಕೆಳಭಾಗದ ಮೊದಲ ತಂಡಕ್ಕೆ, ನಾಲ್ಕನೆಯದು ಮೇಲ್ಭಾಗದ ಕೊನೆಯದಕ್ಕೆ, ಐದನೆಯದು ಕೆಳಗಿನಿಂದ ಎರಡನೆಯದಕ್ಕೆ. ಫಿಕ್ಸ್ಚರ್ (ಯಾರಿಗೆ ಯಾರು ಎದುರು ಅನ್ನುವ ಪಟ್ಟಿ) ಮಾಡುವ ಆ್ಯಪ್‌ಗಳೂ ಇವೆ. ಕೈಯಲ್ಲೇ ಮಾಡಿ, ನಾಳೆ ಯಾರಾದರೂ ಯಾಕೆ ಅಂದರೆ ಉತ್ತರ ನಿಮ್ಮ ಬಾಯಲ್ಲಿ ಇರಬೇಕು.

ಈಗ ಗಡಿಯಾರ. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು, ಒಟ್ಟು 45. ಅತಿಥಿಗಳು ಕೈಕುಲುಕುವುದು, ಗೆರೆ ತುಳಿದನೋ ಇಲ್ಲವೋ ಅನ್ನುವ ವಾದ ಎಲ್ಲ ಸೇರಿ ಒಂದು ಗಂಟೆ ಹಿಡಿಯಿರಿ. 10 ಪಂದ್ಯ, 10 ಗಂಟೆ. ಸಂಜೆ ಆರಕ್ಕೆ ಶುರು ಮಾಡಿದರೆ ಮುಗಿಯುವುದು ನಾಲ್ಕಕ್ಕೇ ಅಲ್ವಾ? ಅದೂ ಅಲ್ಲದೆ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಇದೆ. ಮೊದಲ ಸುತ್ತು, ಕ್ವಾರ್ಟರ್ ಫೈನಲ್ ಸೇರಿ 7 ಪಂದ್ಯ. ಅವನ್ನು ಬೆಳಗ್ಗೆ ಒಂಬತ್ತಕ್ಕೆ ಹಿಡಿದು ನಾಲ್ಕಕ್ಕೆ ಮುಗಿಸಿ. ಸೆಮಿಫೈನಲ್ ಆರಕ್ಕೆ ಮತ್ತು ಏಳಕ್ಕೆ. ಎರಡನೇ ಸೆಮಿ ಗೆದ್ದವರು ಉಸಿರು ತೆಗೆದುಕೊಳ್ಳಲಿ, ಫೈನಲ್ ಎಂಟೂವರೆಗೆ. ಒಂಬತ್ತೂವರೆಗೆ ಕಪ್ ಕೊಟ್ಟು ಮೈಕ್ ಬಂದ್. ಹಗಲು ಬಿಸಿಲಲ್ಲಿ ಆಡೋದು ಹೇಗೆ ಅಂತೀರಾ? ಜನವರಿಯಲ್ಲಿ ಇಡಿ. ಕಬ್ಬಿನ ಹಂಗಾಮು ಇರುತ್ತದೆ, ಭಾನುವಾರ ನೋಡಿಕೊಳ್ಳಿ.

ಹೆಜ್ಜೆ 5: ಪಂದ್ಯದ ದಿನ. ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಬೇರೆ ತಾಲೂಕಿನಿಂದ ಕರೆಸಿ. ಐಸ್ ಡಬ್ಬಿ ಅಂಕಣದ ಪಕ್ಕದಲ್ಲೇ ಇರಲಿ. ಆಂಬ್ಯುಲೆನ್ಸ್‌ಗೆ 108. ಆಟಗಾರರಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು, ಪಲಾವ್ ತಿಂದವರು ರೈಡ್ ಮಾಡಲಾರರು.

ಹೆಜ್ಜೆ 6: ಓದು. ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಮಾತ್ರ. ಪುಣೆಯ ಸಿಂಬಯಾಸಿಸ್ ಸ್ಕೂಲ್ ಆಫ್ ಸ್ಪೋರ್ಟ್ಸ್ ಸೈನ್ಸಸ್‌ನಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟಿನ ಎಂಬಿಎ ಇದೆ. ಕೋಲ್ಕತ್ತದ ಐಐಎಸ್‌ಡಬ್ಲ್ಯೂಬಿಎಂ ಅನ್ನುವ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲೂ ಕಲಿಸುತ್ತಾರೆ. ಬಿಪಿಎಡ್ ಬೇರೆ ದಾರಿ, ಅದು ದೈಹಿಕ ಶಿಕ್ಷಕರಾಗುವವರಿಗೆ. ಎರಡನ್ನೂ ಒಂದೇ ಅಂದುಕೊಂಡು ಫೀಸ್ ಕಟ್ಟಿದವರನ್ನು ನೋಡಿದ್ದೇನೆ. ಎರಡು ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ದುಡ್ಡು ಹಾಕುವ ಬದಲು ಅದರಲ್ಲಿ ಒಳ್ಳೆ ಸ್ಟಾಪ್‌ವಾಚ್ ಕೊಳ್ಳಿ.

ಸಂದರ್ಶನಕ್ಕೆ ಹೋಗುವಾಗ ಡ್ರಾ ಹಾಳೆ, ಟೈಮ್‌ಟೇಬಲ್, ಖರ್ಚಿನ ಪುಸ್ತಕ ಮೂರನ್ನೂ ತೆಗೆದುಕೊಂಡು ಹೋಗಿ. ಟೈಮ್‌ಟೇಬಲ್‌ನಲ್ಲಿ ಬರೆದ ವೇಳೆಯ ಪಕ್ಕ ಪಂದ್ಯ ನಿಜವಾಗಿ ಶುರುವಾದ ವೇಳೆಯನ್ನೂ ಕೆಂಪು ಪೆನ್ನಿನಲ್ಲಿ ಬರೆದಿಡಿ.