ಕುಳ್ಳಗಿರುವವರು ಬ್ಯಾಸ್ಕೆಟ್‌ಬಾಲ್ ಆಡುವುದು ಹೇಗೆ? ಮಗ್ಸಿ ಬೋಗ್ಸ್‌ನಿಂದ ಕದಿಯಬೇಕಾದ ವಿದ್ಯೆ

ಕುಳ್ಳಗಿದ್ದು ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ‘ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು’ ಅಂತ ಬೆನ್ನು ತಟ್ಟುವವರು ಜಾಸ್ತಿ. ತಟ್ಟಿ ಆದಮೇಲೆ ಬೆಂಚಿನ ಮೇಲೆ ಕೂರಿಸುತ್ತಾರೆ, ಅದು ಬೇರೆ ಮಾತು. ನಾನೂ ಹಾಗೆ ಕೂತವನೇ. ಅದಕ್ಕೇ ಇಲ್ಲಿ ಧೈರ್ಯ ತುಂಬುವ ಕೆಲಸ ಮಾಡುವುದಿಲ್ಲ. ಆಟದ ಮಾತು ಮಾತ್ರ.

ಮಗ್ಸಿ ಬೋಗ್ಸ್ ಹೆಸರು ಕೇಳಿರಬಹುದು. ಎತ್ತರ 5 ಅಡಿ 3 ಇಂಚು, ಅಂದರೆ 160 ಸೆಂಟಿಮೀಟರ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಇತಿಹಾಸದಲ್ಲಿ ಇವನಿಗಿಂತ ಕುಳ್ಳ ಆಟಗಾರ ಇಲ್ಲ. 1987ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು) ವಾಷಿಂಗ್ಟನ್ ಬುಲೆಟ್ಸ್ ತಂಡ ಇವನನ್ನು 12ನೆಯವನಾಗಿ ಆರಿಸಿಕೊಂಡಿತು. ಅದೇ ತಂಡದಲ್ಲಿ 7 ಅಡಿ 7 ಇಂಚಿನ ಮನುಟೆ ಬೋಲ್ ಇದ್ದ. ಇಬ್ಬರೂ ಪಕ್ಕಪಕ್ಕ ನಿಂತ ಫೋಟೋ ಇವತ್ತಿಗೂ ಓಡಾಡುತ್ತದೆ, ಅದನ್ನು ನೋಡಿ ನಕ್ಕು ಮುಂದೆ ಹೋಗುವವರಿಗೆ ಇವನ ಲೆಕ್ಕ ಗೊತ್ತಿರುವುದಿಲ್ಲ: 14 ಸೀಸನ್, 889 ಪಂದ್ಯ, 6,726 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್), 1,369 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). 1988ರಲ್ಲಿ ಹೊಸದಾಗಿ ಶುರುವಾದ ಷಾರ್ಲಟ್ ಹಾರ್ನೆಟ್ಸ್ ಸೇರಿದ. ಆ ತಂಡದ ಅಸಿಸ್ಟ್ ಪಟ್ಟಿಯಲ್ಲೂ ಸ್ಟೀಲ್ ಪಟ್ಟಿಯಲ್ಲೂ ಇಂದಿಗೂ ಇವನೇ ಮೊದಲು.

ಇದು ಹೇಗೆ ಸಾಧ್ಯವಾಯಿತು? ರಿಂಗ್ ಇರುವುದು 10 ಅಡಿ ಮೇಲೆ, ನಿಜ. ಆದರೆ ಚೆಂಡು ಎತ್ತಿಕೊಂಡು ಓಡುವಂತಿಲ್ಲ. ಮುಂದೆ ಹೋಗಬೇಕಾದರೆ ನೆಲಕ್ಕೆ ಬಡಿಯಲೇಬೇಕು. ಏಳು ಅಡಿಯವನ ಕೈಯಲ್ಲಿದ್ದರೂ ಅದು ಪ್ರತಿ ಸಲ ನಿಮ್ಮ ಮೊಣಕಾಲಿನ ಹತ್ತಿರಕ್ಕೆ ಇಳಿದು ಬರುತ್ತದೆ. ಆ ಜಾಗ ನಿಮ್ಮದು. ಮೇಲಿನ ಜಾಗಕ್ಕೆ ಜಗಳ ಆಡಬೇಡಿ, ಅಲ್ಲಿ ಸೋಲು ಗ್ಯಾರಂಟಿ.

ಮೊದಲು ಜಾಗ ಆರಿಸಿಕೊಳ್ಳಿ. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ತಂಡವನ್ನು ಆಡಿಸುವವನು, ಅಷ್ಟೇ. ಬೇರೆ ಯೋಚನೆ ಬೇಡ. ಎತ್ತರ ಹೆಚ್ಚಿಸುವ ವ್ಯಾಯಾಮ, ನೇತಾಡುವುದು, ಪುಡಿ, ಮಾತ್ರೆ, ಇವೆಲ್ಲಕ್ಕೂ ಒಂದು ಸಾಲು ಸಾಕು: ಸುಮ್ನೆ ದುಡ್ಡು ಹಾಳು.

ಈಗ ಡ್ರಿಬ್ಲಿಂಗ್, ಅಂದರೆ ಚೆಂಡು ಬಡಿಯುತ್ತಾ ಸಾಗುವುದು. ಚೆಂಡು ಮೊಣಕಾಲಿಗಿಂತ ಮೇಲೆ ಪುಟಿಯಬಾರದು. ಎತ್ತರದವನು ಅದನ್ನು ಕಿತ್ತುಕೊಳ್ಳಲು ಸೊಂಟ ಬಗ್ಗಿಸಬೇಕಾಗುತ್ತದೆ, ಸೊಂಟ ಬಗ್ಗಿಸಿ ಕೈ ಚಾಚಿದ ಮೇಲೆ ಅವನ ಕಾಲು ಓಡುವುದಿಲ್ಲ, ಆ ಅರ್ಧ ಸೆಕೆಂಡಿನಲ್ಲಿ ನೀವು ಅವನ ಭುಜ ದಾಟಿರಬೇಕು. ಅಭ್ಯಾಸಕ್ಕೆ ಎರಡು ಚೆಂಡು ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಬಡಿಯಿರಿ, ಆಮೇಲೆ ಒಂದಾದ ಮೇಲೆ ಒಂದು, ಆಮೇಲೆ ಒಂದನ್ನು ತೀರಾ ಕೆಳಗೆ, ಇನ್ನೊಂದನ್ನು ಸೊಂಟದ ಮಟ್ಟದಲ್ಲಿ. ಎದುರಿಗೆ ಗೆಳೆಯನನ್ನು ನಿಲ್ಲಿಸಿ ಬೆರಳು ತೋರಿಸಲು ಹೇಳಿ, ಎಷ್ಟು ಬೆರಳು ಅಂತ ನೀವು ಜೋರಾಗಿ ಹೇಳಬೇಕು. ಕಣ್ಣು ಚೆಂಡಿನ ಮೇಲಿದ್ದರೆ ಗೊತ್ತಾಗಿಬಿಡುತ್ತದೆ. ಎಡಗೈ ದುರ್ಬಲವಾಗಿದ್ದರೆ ಒಂದು ತಿಂಗಳು ಬಲಗೈಗೆ ರಜೆ ಕೊಡಿ.

ನಾನು ವರ್ಷಗಟ್ಟಲೆ ಮಾಡಿದ ತಪ್ಪೊಂದಿದೆ. ವೇಗ ಇದೆ ಅಂತ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತಿದ್ದೆ. ಎದುರಾಳಿ ಎರಡೇ ನಿಮಿಷದಲ್ಲಿ ಅದಕ್ಕೆ ಹೊಂದಿಕೊಂಡುಬಿಡುತ್ತಾನೆ. ಆಳನ್ನು ಬೀಳಿಸುವುದು ವೇಗ ಅಲ್ಲ, ವೇಗದ ಬದಲಾವಣೆ. ಬೋಗ್ಸ್‌ನ ಹಳೆಯ ವಿಡಿಯೋ ನೋಡಿ. ಆರಾಮಾಗಿ ನಡೆದುಕೊಂಡು ಬರುವವನ ಹಾಗೆ ಬರುತ್ತಾನೆ, ತಲೆ ಎತ್ತಿ ಯಾರಿಗೋ ಪಾಸ್ ಹುಡುಕುವವನ ಹಾಗೆ ನಿಲ್ಲುತ್ತಾನೆ, ಕಾಯುತ್ತಿರುವವನು ಒಂದು ಚೂರು ಸಡಿಲವಾದ ಅನ್ನುವಷ್ಟರಲ್ಲಿ ಮಾಯ.

ಪಾಸ್ ಮಾಡುವಾಗ ತಲೆಯ ಮೇಲಿಂದ ಎಸೆಯುವ ಆಸೆ ಬಿಡಿ. ಎದುರಿಗಿರುವವನ ಕೈ ಅಲ್ಲೇ ಇರುತ್ತದೆ. ಅವನ ಕಂಕುಳಿನ ಕೆಳಗೆ, ಸೊಂಟದ ಪಕ್ಕ, ಕಿವಿಯ ಪಕ್ಕ, ಈ ಮೂರು ಕಿಟಕಿ ಹುಡುಕಿ. ಕಿಟಕಿ ಮುಚ್ಚಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ತೆರೆದುಕೊಳ್ಳುತ್ತದೆ. ಎರಡು ಕೈಯಲ್ಲಿ ಚೆಂಡು ಹಿಡಿದು, ಎದೆಗೆ ತಂದು, ಆಮೇಲೆ ತಳ್ಳುವ ಪಾಸ್ ಚೆನ್ನಾಗಿಯೇ ಇರುತ್ತದೆ, ಆದರೆ ನಮಗೆ ಅದು ತಡ. ಡ್ರಿಬಲ್ ಮಾಡುತ್ತಿರುವ ಕೈಯಿಂದಲೇ, ಚೆಂಡು ಮೇಲೆ ಬರುವಾಗಲೇ ಕಳಿಸುವುದನ್ನು ಕಲಿಯಿರಿ. ಮೇಲಕ್ಕೆ ಹಾರಿ ಆಮೇಲೆ ಯಾರಿಗೆ ಕೊಡಲಿ ಅಂತ ಹುಡುಕುವುದಂತೂ ಬೇಡವೇ ಬೇಡ.

ಬೋಗ್ಸ್‌ನನ್ನು 14 ವರ್ಷ ಉಳಿಸಿದ್ದು ಇದೇ ಅನ್ನುವುದು ನನ್ನ ಲೆಕ್ಕ. ವೃತ್ತಿಜೀವನದ ಉದ್ದಕ್ಕೂ ಪಂದ್ಯಕ್ಕೆ ಸರಾಸರಿ 7.6 ಅಸಿಸ್ಟ್, ಕಳೆದುಕೊಂಡ ಚೆಂಡು, ಅಂದರೆ ಟರ್ನೋವರ್, ಮಾತ್ರ ತೀರಾ ಕಡಿಮೆ. ಒಂದು ಟರ್ನೋವರ್‌ಗೆ ನಾಲ್ಕಕ್ಕಿಂತ ಜಾಸ್ತಿ ಅಸಿಸ್ಟ್! ಕೋಚ್ ಯಾರನ್ನು ಆಡಿಸುತ್ತಾನೆ ಹೇಳಿ? ಚೆಂಡು ಕೊಟ್ಟರೆ ಕಳೆಯದವನನ್ನು. ನೀವು ಆಡುವ ಪ್ರತಿ ಪಂದ್ಯದಲ್ಲೂ ಈ ಎರಡು ಸಂಖ್ಯೆ ಬರೆದಿಡಿ. ಪಾಯಿಂಟ್ ಎಷ್ಟಾಯಿತು ಅನ್ನುವುದನ್ನು ಬೇರೆಯವರು ಎಣಿಸಿಕೊಳ್ಳುತ್ತಾರೆ.

ಇನ್ನು ಡಿಫೆನ್ಸ್. ಇಲ್ಲೇ ನಿಜವಾದ ಮಜಾ ಇರುವುದು. ಬೋಗ್ಸ್‌ನ ನಿಜವಾದ ಹೆಸರು ಟೈರೋನ್. ದಾರಿಯಲ್ಲಿ ಅಡ್ಡಗಟ್ಟಿ ದೋಚುವವನ ಹಾಗೆ ಚೆಂಡು ಕಸಿಯುತ್ತಾನೆ ಅಂತ ಅವನ ಊರು ಬಾಲ್ಟಿಮೋರ್‌ನ ಹುಡುಗರು ಇಟ್ಟ ಅಡ್ಡಹೆಸರು ಮಗ್ಸಿ. ಅಲ್ಲಿನ ಡನ್‌ಬಾರ್ ಹೈಸ್ಕೂಲಿನಲ್ಲಿ ಅವನು ಆಡಿದ ಎರಡು ಸೀಸನ್ ತಂಡ ಒಂದೂ ಪಂದ್ಯ ಸೋಲಲಿಲ್ಲ.

ದೋಚುವುದು ಹೀಗೆ. ಎದುರಾಳಿಯನ್ನು ಅರ್ಧ ಕೋರ್ಟ್ ದಾಟಿದ ಮೇಲೆ ಕಾಯಬೇಡಿ. ಅವನು ಚೆಂಡು ಪಡೆದ ಜಾಗದಿಂದಲೇ ಅಂಟಿಕೊಳ್ಳಿ. ಈಗಿನ ನಿಯಮದ ಪ್ರಕಾರ 8 ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಬೇಕು (ಬೋಗ್ಸ್ ಎನ್‌ಬಿಎಯಲ್ಲಿ ಆಡುವಾಗ 10 ಇತ್ತು). ನೀವು ಚೆಂಡು ಕಸಿಯದಿದ್ದರೂ ಪರವಾಗಿಲ್ಲ, ಅವನು ಆರು ಸೆಕೆಂಡು ಬೆನ್ನು ತಿರುಗಿಸಿಕೊಂಡೇ ಬಂದರೆ ಅವನ ತಂಡದ ಅರ್ಧ ಯೋಜನೆ ಅಲ್ಲೇ ಹಾಳಾಯಿತು. ಕೈ ಹಾಕುವುದು ಚೆಂಡು ಅವನ ಅಂಗೈ ಬಿಟ್ಟ ತಕ್ಷಣ, ನೆಲದಿಂದ ವಾಪಸ್ ಬರುವ ಮೊದಲು. ಮತ್ತೆ ಇದು ಮುಖ್ಯ: ಕೈ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಕೆಳಗೆ ಬಡಿದರೆ ಮುಟ್ಟಿದರೂ ಮುಟ್ಟದಿದ್ದರೂ ರೆಫರಿ ಸೀಟಿ ಊದುತ್ತಾನೆ.

ಎತ್ತರದವರು ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಪುಟಿದ ಚೆಂಡು) ಹಿಡಿದು ಕೆಳಗಿಳಿದಾಗ ಅಭ್ಯಾಸಬಲದಿಂದ ಚೆಂಡನ್ನು ಹೊಟ್ಟೆಯ ಹತ್ತಿರ ತರುತ್ತಾರೆ. ಅವರ ಹಿಂದೆ ಸದ್ದಿಲ್ಲದೆ ಸುಳಿದಾಡುತ್ತಿರಿ. 1993ರ ಏಪ್ರಿಲ್‌ನಲ್ಲಿ ಬೋಗ್ಸ್ 7 ಅಡಿಯ ಪ್ಯಾಟ್ರಿಕ್ ಎವಿಂಗ್‌ನ ಹೊಡೆತವನ್ನು ಬ್ಲಾಕ್ ಮಾಡಿದ್ದು ಹೀಗೇ. ಆಕಾಶಕ್ಕೆ ಹಾರಿ ಅಲ್ಲ. ಎವಿಂಗ್ ಚೆಂಡನ್ನು ಕೆಳಗಿನಿಂದ ಮೇಲೆ ತರುತ್ತಿರುವಾಗಲೇ ಅದು ಬೋಗ್ಸ್‌ನ ಕೈಗೆ ಸಿಕ್ಕಿತ್ತು. 14 ವರ್ಷದಲ್ಲಿ ಅವನ ಬ್ಲಾಕ್ ಒಟ್ಟು 39.

ನಮ್ಮ ದೌರ್ಬಲ್ಯ ಎಲ್ಲರಿಗೂ ಗೊತ್ತು, ಮುಚ್ಚಿಡುವಂಥದ್ದೇನಿಲ್ಲ. ಎದುರಾಳಿ ನಿಮ್ಮನ್ನು ರಿಂಗ್ ಕೆಳಗೆ ಎಳೆದುಕೊಂಡು ಹೋಗಿ, ಬೆನ್ನಿನಿಂದ ತಳ್ಳಿ, ತಲೆಯ ಮೇಲಿಂದ ಆರಾಮಾಗಿ ಹಾಕುತ್ತಾನೆ. ಚೆಂಡು ಅವನ ಕೈಗೆ ಬಂದಮೇಲೆ ನೀವು ಮಾಡುವಂಥದ್ದು ಹೆಚ್ಚೇನಿಲ್ಲ, ಹಾಗಾಗಿ ಬರುವ ಮೊದಲೇ ಅವನ ಮುಂದೆ ಬಂದು ನಿಲ್ಲಿ. ಆಗ ಅವರು ಎತ್ತರದ ಪಾಸ್ ಎಸೆಯಬೇಕು, ಅದು ಗಾಳಿಯಲ್ಲಿ ನಿಧಾನ, ಅಷ್ಟರಲ್ಲಿ ನಿಮ್ಮ ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದವನು) ಹಿಂದಿನಿಂದ ಬಂದಿರಬೇಕು. ಇದನ್ನು ಪಂದ್ಯಕ್ಕೆ ಮೊದಲೇ ಅವನ ಹತ್ತಿರ ಮಾತಾಡಿಕೊಳ್ಳಿ. ಅಷ್ಟಕ್ಕೂ ಚೆಂಡು ಸಿಕ್ಕಿಬಿಟ್ಟರೆ, ಅವನು ಬೆನ್ನಿನ ಭಾರ ಪೂರ್ತಿ ಹಾಕಿ ಒರಗಿದ ಕ್ಷಣದಲ್ಲಿ ತಟ್ಟನೆ ಹಿಂದೆ ಸರಿದುಬಿಡಿ. ಕುರ್ಚಿ ಎಳೆದ ಹಾಗೆ. ಒಂದು ಸಲ ಬಿದ್ದವನು ಮತ್ತೆ ಅಷ್ಟು ಧೈರ್ಯವಾಗಿ ಒರಗುವುದಿಲ್ಲ.

ಪಾಯಿಂಟ್ ಗಳಿಸುವ ವಿಷಯದಲ್ಲಿ ಬೋಗ್ಸ್‌ಗಿಂತ ಬೇರೆಯವರು ಒಳ್ಳೆಯ ಗುರುಗಳು. ಅವನ ಸರಾಸರಿ 7.7 ಅಷ್ಟೇ, ಮೂರು ಪಾಯಿಂಟ್ ಹೊಡೆತ ಅವನ ಬಲವೂ ಆಗಿರಲಿಲ್ಲ. ಡೆನ್ವರ್ ತಂಡದ 5 ಅಡಿ 5 ಇಂಚಿನ ಅರ್ಲ್ ಬಾಯ್ಕಿನ್ಸ್ 2004ರಲ್ಲಿ ಡೆಟ್ರಾಯಿಟ್ ವಿರುದ್ಧ ಒಂದೇ ಪಂದ್ಯದಲ್ಲಿ 32 ಗಳಿಸಿದ. 2011ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯ 60ನೆಯವನಾಗಿ ಬಂದ 5 ಅಡಿ 9 ಇಂಚಿನ ಐಸೇಯಾ ಥಾಮಸ್, 2016–17ರಲ್ಲಿ ಬಾಸ್ಟನ್‌ಗೆ ಪಂದ್ಯಕ್ಕೆ ಸರಾಸರಿ 28.9 ತಂದುಕೊಟ್ಟ. ಇವರಿಂದ ಕಲಿಯಬೇಕಾದ್ದು ಮೂರು.

ಒಂದು, ಫ್ಲೋಟರ್. ರಿಂಗ್ ತನಕ ಹೋಗಬೇಡಿ, ಸೆಂಟರ್ ಇನ್ನೂ ಹಾರಲು ಸಿದ್ಧವಾಗದಿರುವಾಗಲೇ, ಎರಡು ಹೆಜ್ಜೆ ಮೊದಲೇ, ಚೆಂಡನ್ನು ಮೆತ್ತಗೆ ಮೇಲಕ್ಕೆ ತೇಲಿಬಿಡಿ. ಎರಡು, ರಿಂಗ್ ಹಿಂದಿನ ಹಲಗೆ. ನಿಮ್ಮ ಚೆಂಡು ಹಲಗೆಗೆ ತಾಗಿ ರಿಂಗ್‌ಗಿಂತ ಮೇಲಿರುವಾಗ ಎದುರಾಳಿ ಅದನ್ನು ಮುಟ್ಟಿದರೆ ಪಾಯಿಂಟ್ ನಿಮ್ಮದೇ, ಹಾಗಾಗಿ ಲೇ-ಅಪ್‌ನಲ್ಲಿ (ರಿಂಗ್ ಹತ್ತಿರಕ್ಕೆ ಓಡಿ ಬಂದು ಹಾಕುವಾಗ) ಬೇಗ ಹಲಗೆಗೆ ಮುಟ್ಟಿಸಿಬಿಡಿ, ಸಾಧ್ಯವಾದರೆ ರಿಂಗ್‌ನ ಆಚೆ ಬದಿಯಿಂದ, ಆಗ ರಿಂಗೇ ನಿಮಗೆ ಅಡ್ಡಗೋಡೆ. ಮೂರು, ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಹೊಡೆತ. ಅಲ್ಲಿ ಎದುರಿಗೆ ಯಾರೂ ಕೈ ಎತ್ತಿ ನಿಲ್ಲುವುದಿಲ್ಲ, ಎತ್ತರದ ಪ್ರಶ್ನೆಯೇ ಇಲ್ಲ. 5 ಅಡಿ 9 ಇಂಚಿನ ಕ್ಯಾಲ್ವಿನ್ ಮರ್ಫಿ 1980–81ರ ಸೀಸನ್‌ನಲ್ಲಿ 215ರಲ್ಲಿ 206 ಹಾಕಿದ್ದ. ಸುಸ್ತಾದಾಗ ಅಭ್ಯಾಸ ಮಾಡಿ, ಯಾಕೆಂದರೆ ಪಂದ್ಯದಲ್ಲಿ ಸಿಗುವುದು ಸುಸ್ತಾದಾಗಲೇ.

ಡಂಕ್, ಅಂದರೆ ಹಾರಿ ಚೆಂಡನ್ನು ರಿಂಗ್‌ನೊಳಗೆ ತುರುಕುವುದು? ನಮ್ಮ ಹಾಗೇ ಕುಳ್ಳನಾದ ಸ್ಪಡ್ ವೆಬ್ 1986ರಲ್ಲಿ ಡಂಕ್ ಸ್ಪರ್ಧೆಯನ್ನೇ ಗೆದ್ದ. ನೋಡಲು ಸೊಗಸು. ಕಾಲಲ್ಲಿ ಅಂಥ ಸ್ಪ್ರಿಂಗ್ ಇಲ್ಲದಿದ್ದರೆ ಆ ಸಮಯವನ್ನು ಫ್ಲೋಟರ್‌ಗೆ ಕೊಡಿ.

ಮಂಡಿಯ ಬಗ್ಗೆ ಒಂದು ಮಾತು. ಇಡೀ ಪಂದ್ಯ ಬಗ್ಗಿ ಆಡುವವರ ಭಾರ ಬೀಳುವುದು ಅಲ್ಲೇ. 1995–96ರ ಸೀಸನ್ನಿನಲ್ಲಿ ಮಂಡಿ ತೊಂದರೆಯಿಂದ ಬೋಗ್ಸ್ ಆಡಿದ್ದು ಬರೀ 6 ಪಂದ್ಯ. ತೊಡೆ, ಪೃಷ್ಠ, ಮೀನಖಂಡದ ಶಕ್ತಿಗೆ ವಾರದಲ್ಲಿ ಎರಡು ದಿನ ಇಡಿ. ನೋವಿದ್ದಾಗ ಆಡಬೇಡಿ, ತೋರಿಸಿಕೊಳ್ಳಿ.

ಕೊನೆಗೆ ಆಯ್ಕೆಯ ದಿನ. ಕೋಚ್ ಕಣ್ಣು ಮೊದಲು ನಿಮ್ಮ ಮೇಲೆ ಬೀಳುವುದಿಲ್ಲ, ಬಿದ್ದರೂ ಜಾರುತ್ತದೆ. ಹಾಗಾಗಿ ಬಾಯಿ ಬಿಡಿ. ಎಡಗಡೆ ಸ್ಕ್ರೀನ್ ಬರ್ತಿದೆ, ನಾನು ಇವನನ್ನು ನೋಡ್ಕೋತೀನಿ, ನೀನು ಹಿಂದೆ ಹೋಗು, ಹೀಗೆ ಕೂಗುತ್ತಲೇ ಇರಿ (ಸ್ಕ್ರೀನ್ ಅಂದರೆ ನಿಮ್ಮವನ ದಾರಿಗೆ ಅಡ್ಡ ಬಂದು ನಿಲ್ಲುವ ಎದುರಾಳಿ). ಮೊದಲ ಐದು ನಿಮಿಷದಲ್ಲಿ ಇರುವವರಲ್ಲಿ ಅತಿ ಒಳ್ಳೆಯ ಡ್ರಿಬ್ಲರ್ ಯಾರು ಅಂತ ನೋಡಿ, ಹೋಗಿ ಅವನಿಗೇ ಅಂಟಿಕೊಳ್ಳಿ. ಎತ್ತರ ಕೇಳಿದರೆ ಇದ್ದದ್ದನ್ನು ಹೇಳಿ. ಶೂ ಹಾಕಿಕೊಂಡು ಅಳೆದು ಒಂದಿಂಚು ಸೇರಿಸುವ ಚಾಳಿ ಎನ್‌ಬಿಎಯಲ್ಲೂ ಇತ್ತು. 2019ರಲ್ಲಿ ಶೂ ಬಿಚ್ಚಿಸಿ ಅಳೆಯಬೇಕು ಅಂತ ಲೀಗ್ ಹೇಳಿದ್ದೇ ತಡ, ಎಷ್ಟೋ ದೊಡ್ಡ ಆಟಗಾರರು ರಾತ್ರೋರಾತ್ರಿ ಕುಳ್ಳರಾದರು.