ಕಲ್ಲಾದ ಬ್ರೌನ್ ಶುಗರ್‌ಗೆ ಲಟ್ಟಣಿಗೆ ಬೇಡ

ಮೊನ್ನೆ ಮಧ್ಯಾಹ್ನ ಕಣ್ಣು ಹತ್ತುತ್ತಿತ್ತು, ಅಡುಗೆಮನೆಯಲ್ಲಿ ಧಬಧಬ ಸದ್ದು. ಹೋಗಿ ನೋಡಿದರೆ ಮೊಮ್ಮಗಳು ಬ್ರೌನ್ ಶುಗರ್ ಪೊಟ್ಟಣವನ್ನು ಲಟ್ಟಣಿಗೆಯಲ್ಲಿ ಜಜ್ಜುತ್ತಿದ್ದಾಳೆ! "ಹಾಳಾಗಿದೆ ಅಜ್ಜಿ, ಬಿಸಾಡ್ಲಾ?" ಅಂತ ಬೇರೆ. ಹಾಳಾಗಿಲ್ಲ ಕಣೇ, ಒಣಗಿದೆ ಅಷ್ಟೇ.

ಬಿಳಿ ಸಕ್ಕರೆಗೆ ತೇವ ಕಂಡರೆ ಆಗದು, ಇದಕ್ಕೆ ತೇವ ಇಲ್ಲದಿದ್ದರೆ ಆಗದು. ಇದರ ಹರಳಿನ ಮೈಗೆ ಕಾಕಂಬಿ, ಅಂದರೆ ಕಬ್ಬಿನ ಕಪ್ಪು ಪಾಕ, ಅಂಟಿರುತ್ತದೆ. ಅದರ ನೀರು ಆರಿತೋ, ಹರಳುಗಳು ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗುತ್ತವೆ. ಪೊಟ್ಟಣದ ಬಾಯಿಗೆ ಸುಮ್ನೆ ಒಂದು ಕ್ಲಿಪ್ ಸಿಕ್ಕಿಸಿದರೆ ಸಾಲದು. ಬಿಗಿ ಮುಚ್ಚಳದ ಡಬ್ಬಿಗೆ ಒತ್ತಿ ತುಂಬಿ. ಫ್ರಿಜ್ಜಿನಲ್ಲಂತೂ ಇಡಬೇಡಿ, ಅಲ್ಲಿನ ಗಾಳಿ ಇನ್ನೂ ಒಣಗಿಸುತ್ತದೆ. ಅಂದಹಾಗೆ, ಡಬ್ಬಿ ತೊಳೆದು ಹಸಿಯಾಗಿಯೇ ಮುಚ್ಚಳ ಹಾಕಿಡುತ್ತೀರಲ್ಲ, ಅದೆಂಥ ಚಾಳಿ? ಮುಗ್ಗಲು ವಾಸನೆ ಬರದೆ ಇನ್ನೇನು ಬರುತ್ತೆ? ಬಾಯಿ ತೆರೆದು ಬೋರಲು ಹಾಕಿ.

ಸಕ್ಕರೆಯ ತೇವ ಆರದಿರಲಿ ಅಂತ ಡಬ್ಬಿಯೊಳಗೆ ನಾನು ನೀರು ಕುಡಿಸಿದ ಒಂದು ಮಡಕೆ ಚೂರು ಇಡುತ್ತೇನೆ. ಬಣ್ಣ, ಹೊಳಪು ಯಾವುದೂ ಇಲ್ಲದ ಬರಿ ಮಣ್ಣಿನದು, ಅಡುಗೆಗೆ ಅಂತಲೇ ಮಾಡಿದ ಮಡಕೆಯದು. ಹೂಕುಂಡದ ಚೂರು ತರಬೇಡಿ ಮತ್ತೆ. ಅಂಗೈ ಅರ್ಧದಷ್ಟಿದ್ದರೆ ಸಾಕು. ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿ, ಒಮ್ಮೆ ಕುದಿಸಿ. ಸೋಪು ಮುಟ್ಟಿಸಬೇಡಿ, ಮಣ್ಣು ಸೋಪನ್ನೂ ಕುಡಿಯುತ್ತದೆ. ಆಮೇಲೆ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಮೊದಲು ಸಣ್ಣ ಗುಳ್ಳೆ ಏಳುತ್ತವೆ. ಅವು ನಿಂತವು ಅಂದರೆ ಹೊಟ್ಟೆ ತುಂಬಿತು ಅಂತ. ತೆಗೆದು ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಹಾಗೇ ಬಿಡಿ. ಕೆನ್ನೆಗೆ ಒತ್ತಿ ನೋಡಿ: ತಣ್ಣಗಿರಬೇಕು, ಪಸೆ ಅಂಟಬಾರದು. ಮೊದಲ ಸಲ ನಾನು ಅವಸರ ಮಾಡಿ ನೀರು ಸೋರುವ ಚೂರನ್ನೇ ಹಾಕಿಬಿಟ್ಟೆ. ಸುತ್ತಲ ಸಕ್ಕರೆ ಕರಗಿ ಪಾಕ! ಅತ್ತೆ ಒಂದು ಮಾತೂ ಆಡದೆ ಡಬ್ಬಿಯನ್ನು ನನ್ನ ಮುಂದೆ ತಂದಿಟ್ಟು ಹೋದರು. ಬೈದಿದ್ದರೇ ವಾಸಿಯಿತ್ತು.

ತಿಂಗಳಿಗೊಮ್ಮೆ ಚೂರು ಮುಟ್ಟಿ ನೋಡಿ, ಒಣಗಿದ್ದರೆ ಮತ್ತೆ ನೆನೆಸಿ. ಬ್ರೆಡ್ ತುಂಡು, ಸೇಬಿನ ಹೋಳು ಹಾಕುವವರೂ ಇದ್ದಾರೆ. ಒಂದೆರಡು ದಿನಕ್ಕೆ ಸರಿ, ಮರೆತರೆ ಬೂಸ್ಟು.

ಈಗಾಗಲೇ ಕಲ್ಲಾಗಿದ್ದರೆ ಬಟ್ಟಲಿಗೆ ಹಾಕಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಅದರ ಮೇಲೊಂದು ತಟ್ಟೆ ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಬಟ್ಟೆ ಸಕ್ಕರೆಗೆ ತಾಗಬಾರದು. ಮೊಮ್ಮಗಳ ಇಟ್ಟಿಗೆಗೂ ಹಾಗೇ ಮಾಡಿದೆ. ಬೆಳಿಗ್ಗೆ ಚಮಚ ಸಲೀಸಾಗಿ ಇಳಿಯಿತು. ಲಟ್ಟಣಿಗೆ ಮಾತ್ರ ಸೀಳು ಬಿಟ್ಟಿದೆ.